ಮೇಲಿನ ಹಲ್ಲು ಮೊದಲು ಬಂದವಳು

ಅನಸೂಯಮ್ಮನಿಗಿಂತ ಮೊದಲು ಅವಳ ಹಲ್ಲು ಅಂಗಡಿ ಸೇರುತ್ತವೆ ಎಂದು ನಮ್ಮ ಬೀದಿಯಲ್ಲೊಂದು ಕುಹಕವಿದೆ. ಇದನ್ನು ಹೇಳುವ ಗಂಡಸರು ಅವಳಿಲ್ಲದಾಗ ಮಾತ್ರ ಹೇಳುತ್ತಾರೆ. ಅವಳೆದುರಿಗೇ ಹೇಳುವ ಧೈರ್ಯ ಮಾಡಿದ್ದವನು ಒಬ್ಬನೇ, ಒಬ್ಬ ಬಸ್ ಕಂಡಕ್ಟರ್. ಅವಳು ಅವನನ್ನೇ, “ನಿಂದು ಒಳಗೇ ಕುಂತವಲ್ಲಪ್ಪ, ಅವಕ್ಕೆ ನಿನ್ ಜತೆ ಬರಾಕೆ ನಾಚ್ಕೆನಾ?” ಎಂದು ಕೇಳಿ, ನಿಂತಿದ್ದ ಬಸ್ಸಿನವರೆಲ್ಲ ಕಿಟಕಿಯಿಂದ ತಲೆ ಹೊರಗೆ ಹಾಕಿ ನಗುವಂತೆ ಮಾಡಿದ್ದಳು. ಅವನು ಈಗಲೂ ನಮ್ಮ ಬೀದಿಗೆ ಟೀ ಕುಡಿಯಲು ಬರುವುದಿಲ್ಲ.

ಚನ್ನರಾಯಪಟ್ಟಣದ ಬಸ್‌ಸ್ಟ್ಯಾಂಡಿನ ಹಿಂದಿನ ಬೀದಿಯಲ್ಲಿ ಅವಳದು ಕೋಡುಬಳೆ ಅಂಗಡಿ. ಅದರ ಪಕ್ಕದ್ದು ನನ್ನದು. ಊದುಬತ್ತಿ, ಕರ್ಪೂರ, ವಿಭೂತಿ, ಗೆಜ್ಜೆವಸ್ತ್ರದ ಅಂಗಡಿ. ನನ್ನ ಹೆಸರು ನೀಲಾಂಬಿಕೆ, ಅವಳ ಬಾಯಲ್ಲಿ ನೀಲಕ್ಕ. ವಯಸ್ಸಿನಲ್ಲಿ ಅವಳೇ ದೊಡ್ಡವಳು. ಗಿರಾಕಿಗಳನ್ನೆಲ್ಲ ಅಕ್ಕ, ಅಣ್ಣ ಎಂದು ಕರೆದೂ ಕರೆದೂ ಅವಳಿಗೆ ಅದೇ ರೂಢಿಯಾಗಿದೆ. ನಮ್ಮ ಎರಡು ಅಂಗಡಿಗಳ ನಡುವೆ ಒಂದೇ ಗೋಡೆ. ಅವಳು ಬೈದರೆ ನನ್ನ ದೇವರ ಪಟಗಳಿಗೆಲ್ಲ ಕೇಳಿಸುತ್ತದೆ.

ಅವಳ ಗಂಡ ರಾಮಣ್ಣನವರು ಹಿಟ್ಟು ನಾದಿ, ಹೊಸೆದು, ಬಳೆ ಸುತ್ತಿಕೊಡುತ್ತಾರೆ. ಬಾಣಲೆ ಅವಳದು. ಪ್ರತಿ ಒಬ್ಬೆ ಎಣ್ಣೆಯಿಂದ ಮೇಲೆ ಬಂದು ಆರಿದ ಮೇಲೆ ಒಂದು ಕೋಡುಬಳೆ ಎತ್ತಿ, ಮುಂದಿನ ಹಲ್ಲಿನಲ್ಲಿ ಕಟಕ್ಕನೆ ಮುರಿಯುತ್ತಾಳೆ. ಆ ಸದ್ದು ಒಪ್ಪಿಗೆಯಾದರೆ ಮಾತ್ರ ಆ ಒಬ್ಬೆ ಡಬ್ಬ ಸೇರುತ್ತದೆ. ಇಲ್ಲವಾದರೆ ರಾಮಣ್ಣನವರಿಗೆ ಮಂಗಳಾರತಿ. ಅವರು ಅದನ್ನು ಕೇಳಿಸಿಕೊಂಡು ಮತ್ತೊಂದು ಬಳೆ ಸುತ್ತುತ್ತಾರೆ. ಇಷ್ಟು ತಣ್ಣನೆಯ ಗಂಡಸನ್ನು ನಾನು ಬೇರೆ ಕಂಡಿಲ್ಲ.

ಮೇಲಿನ ಸಾಲಿನ ನಟ್ಟನಡುವಿನ ಆ ಎರಡಕ್ಕೆ ಬಾಚಿಹಲ್ಲು ಎನ್ನುತ್ತೇವೆ. ಬಡಗಿಯ ಬಾಚಿಯ ಹಾಗೆ ಅಗಲ, ಚಪ್ಪಟೆ, ತುದಿ ಹರಿತ; ಅದಕ್ಕೇ ಆ ಹೆಸರು. ಅವುಗಳ ಅಕ್ಕಪಕ್ಕದ ಚಿಕ್ಕವೂ ಬಾಚಿಯೇ. ಅಲ್ಲಿಂದಾಚೆ ಮೊನೆ ಇರುವುದು ಕೋರೆ. ಒಳಗೆ ಅರೆಯುವುದು ದವಡೆ. ಹುಟ್ಟಿ, ಬಿದ್ದು, ಮತ್ತೊಂದಕ್ಕೆ ಜಾಗ ಬಿಡುವುದು ಹಾಲುಹಲ್ಲು. ಹಲ್ಲಿಗೆ ಹೆಸರಿಡುವಾಗ ನಮ್ಮ ಜನ ಎಷ್ಟು ನ್ಯಾಯವಾಗಿ, ಆಕಾರ ನೋಡಿ, ಕೆಲಸ ನೋಡಿ ಇಟ್ಟಿದ್ದಾರೆ! ಅದೇ ಜನ ಹಲ್ಲಿನ ಒಡತಿಗೆ ಹೆಸರಿಡುವಾಗ ಮಾತ್ರ ಆ ನ್ಯಾಯವನ್ನು ಎಲ್ಲಿ ಬಿಟ್ಟು ಬರುತ್ತಾರೋ ಗೊತ್ತಿಲ್ಲ. ಅನಸೂಯಮ್ಮನನ್ನು ಹಲ್ಲುಬ್ಬಿ ಎಂದರು. ಅಷ್ಟಕ್ಕೇ ನಿಂತಿದ್ದರೆ ಅವಳು ಕ್ಯಾರೇ ಅನ್ನುತ್ತಿರಲಿಲ್ಲ. ಅವಳಿಗೆ ಇನ್ನೊಂದು ಹೆಸರಿತ್ತು. ಮಾವನ್ನ ಅಗಿದವಳು.

ಮಕ್ಕಳಿಗೆ ಸಾಮಾನ್ಯವಾಗಿ ಮೊದಲು ಹುಟ್ಟುವುದು ಕೆಳಗಿನ ಎರಡು ಹಲ್ಲು. ಅಪರೂಪಕ್ಕೆ ಕೆಲವು ಮಕ್ಕಳಿಗೆ ಮೇಲಿನವು ಮೊದಲು ಬರುತ್ತವೆ. ಹಾಗೆ ಬಂದರೆ ಸೋದರಮಾವನಿಗೆ ಆಗಿಬರುವುದಿಲ್ಲ ಎಂದು ನಮ್ಮ ಕಡೆ ನಂಬುತ್ತಾರೆ. ಮಾವ ಆ ಮಗುವಿನ ಮುಖವನ್ನು ನೇರವಾಗಿ ನೋಡುವಂತಿಲ್ಲ. ಕಂಚಿನ ಬಟ್ಟಲಲ್ಲಿ ಎಣ್ಣೆ ಹಾಕಿ, ಮಗುವನ್ನು ಅದರ ಮೇಲೆ ಹಿಡಿದು, ಎಣ್ಣೆಯಲ್ಲಿ ಕಾಣುವ ನೆರಳನ್ನು ಮೊದಲು ನೋಡಬೇಕು. ಆ ಬಟ್ಟಲುಗಳನ್ನು ನಾನೂ ಮಾರುತ್ತೇನೆ. ಬಟ್ಟಲಿನ ಮೇಲೆ ನನಗೇನೂ ಕೋಪವಿಲ್ಲ. ಬಟ್ಟಲು ತೊಳೆದಿಟ್ಟ ಮೇಲೂ ಬಾಯಿ ತೊಳೆಯದ ಜನರ ಮೇಲೆ ಕೋಪ.

ಅನಸೂಯಮ್ಮ ಹುಟ್ಟಿದ್ದು ನುಗ್ಗೇಹಳ್ಳಿಯಲ್ಲಿ. ಅವಳ ತಾಯಿಯ ತವರು ಕಟ್ಟಾಯ. ತೊಟ್ಟಿಲಲ್ಲಿದ್ದಾಗ ಅವಳಿಗೆ ಮೇಲಿನ ಎರಡು ಹಲ್ಲು ಮೊದಲು ಕಾಣಿಸಿಕೊಂಡವು. ಅದಾಗಿ ಸ್ವಲ್ಪ ದಿನಕ್ಕೆ ತಾಯಿಯ ಒಬ್ಬನೇ ತಮ್ಮ, ಹೊಸದಾಗಿ ಮದುವೆಯಾಗಿದ್ದ ದೇವರಾಜು, ಬಾವಿಗೆ ಬಿದ್ದು ತೀರಿಕೊಂಡ. ಇನ್ನೇನು ಬೇಕು? ಮಾತು ಬಾರದ ಮಗು ಕೊಲೆಗಾರ್ತಿಯಾಯಿತು. ಹಬ್ಬಕ್ಕೆ ತವರಿಗೆ ಬಾ, ಅವಳನ್ನು ಬಿಟ್ಟು ಬಾ ಎಂದು ತಾಯಿಗೆ ಹೇಳಿಕಳಿಸುತ್ತಿದ್ದರು. ಒಮ್ಮೆ ಹಟ ಮಾಡಿ ತಾಯಿಯ ಹಿಂದೆ ಹೋದಾಗ ಹಿತ್ತಲ ಬಾಗಿಲಿನಿಂದ ಒಳಗೆ ಬಿಟ್ಟು, ಅಡಿಗೆಮನೆಯ ಮೂಲೆಯಲ್ಲಿ ಉಣ್ಣಲು ಇಕ್ಕಿದರು. ಅಜ್ಜಿ ಅವಳ ಕಡೆ ತಿರುಗಿಯೂ ನೋಡಲಿಲ್ಲ.

ಹೆಣ್ಣು ನೋಡುವ ದಿನ ಮನೆಯವರು ತುಟಿ ಬಿಗಿ ಹಿಡಿದಿರು ಎಂದು ಹೇಳಿ ಕೂರಿಸಿದ್ದರಂತೆ. ಅವಳು ಕಾಫಿ ಲೋಟ ಇಟ್ಟವಳೇ, “ಹಲ್ಲು ನೋಡ್ಕಳಿ, ಮೇಲಿನವೇ ಮೊದ್ಲು ಬಂದದ್ದು. ಆಮ್ಯಾಕೆ ಮೋಸ ಮಾಡ್ಬುಟ್ರು ಅನ್ಬ್ಯಾಡಿ,” ಎಂದು ಬಾಯಿ ತೆರೆದು ತೋರಿಸಿದಳು. ರಾಮಣ್ಣನವರು, “ಹಸ ಕೊಳ್ಳುವಾಗ್ಲೂ ನಾವು ಹಲ್ಲೇ ನೋಡಾದು. ಗಟ್ಟಿಯಾಗವೆ,” ಎಂದರಂತೆ. ಹಸುವಿಗೆ ಹೋಲಿಸಿದ್ದಕ್ಕೆ ಅವಳು ಇವತ್ತಿನವರೆಗೂ ಅವರನ್ನು ಬೈಯುತ್ತಾಳೆ, ಆದರೆ ಆ ಮಾತಿಗೇ ಅವಳು ಅವರನ್ನು ಒಪ್ಪಿದ್ದು. ಮದುವೆಯಲ್ಲಿ ಹೆಣ್ಣನ್ನು ಸೋದರಮಾವ ಕೈಹಿಡಿದು ಮಂಟಪಕ್ಕೆ ಕರೆತರಬೇಕು. ಮಾವನಿಲ್ಲದಿದ್ದರೆ ಆ ಕಡೆಯ ಯಾರಾದರೂ ಬರಬೇಕು. ಕಟ್ಟಾಯದಿಂದ ಯಾರೂ ಬರಲಿಲ್ಲ, ಬೇರೆ ಯಾರೂ ಕೈ ಹಿಡಿಯಲು ಮುಂದಾಗಲಿಲ್ಲ. ವಾಲಗದವರು ಕಾಯುತ್ತಿದ್ದರು. ಅವಳು ತಾನೇ ಎದ್ದು, ಸೀರೆ ನೆರಿಗೆ ಹಿಡಿದುಕೊಂಡು, ಒಬ್ಬಳೇ ನಡೆದು ಬಂದು ಹಸೆಮಣೆಯ ಮೇಲೆ ಕೂತಳು.

ಇಂಥವಳ ಮೊಮ್ಮಗಳಿಗೆ ಹೋದ ವರ್ಷ ಹಲ್ಲು ಬಂತು.

ಅವಳ ಮಗಳು ಮೇಘಶ್ರೀಯನ್ನು ಅರಕಲಗೂಡಿಗೆ ಕೊಟ್ಟಿದ್ದಾರೆ. ಯುಗಾದಿಗೆ ಮಗು ಮಾನ್ಯಳನ್ನು ಕರೆದುಕೊಂಡು ತವರಿಗೆ ಬಂದಿದ್ದಳು. ಬೆಳಿಗ್ಗೆ ಅಂಗಡಿಯ ಕಟ್ಟೆಯ ಮೇಲೆ ಕೂತು ಮಗುವಿಗೆ ರಾಗಿ ಸರಿ ತಿನ್ನಿಸುತ್ತಿದ್ದಾಗ ಚಮಚ ಟಿಣ್ಣೆಂದಿತು. ಹಲ್ಲು ಬಂತು ಎಂದು ಮೇಘಶ್ರೀ ಸಂತೋಷದಿಂದ ತುಟಿ ಎತ್ತಿ ನೋಡಿದಳು. ಕೆಳಗಿನ ವಸಡು ಬರಿದಾಗಿತ್ತು. ಮೇಲೆ, ನಡುವೆ, ಅಕ್ಕಿಯ ನುಚ್ಚಿನಷ್ಟು ಬೆಳ್ಳಗೆ ಎರಡು. ಅವಳು ಅವಸರದಲ್ಲಿ ಮಗುವಿನ ಬಾಯಿಗೆ ಸೆರಗು ಮುಚ್ಚಿದಳು.

“ತೆಗಿಯೇ ಸೆರಗ,” ಎಂದಳು ಅನಸೂಯಮ್ಮ. ಬಾಣಲೆ ಇಳಿಸಿ, ಕೈ ಒರೆಸಿಕೊಂಡು ಬಂದು, ಮಗುವನ್ನು ಎತ್ತಿಕೊಂಡು ಬೆಳಕಿಗೆ ಹಿಡಿದು ನೋಡಿದಳು. ಅವಳ ಮುಖ ಒಂದು ಗಳಿಗೆ ಬಿಳಿಚಿಕೊಂಡಿದ್ದನ್ನು ನಾನು ಕಂಡೆ. ಅವಳೂ ಹೆದರಿದ್ದಳು. ಮಗುವಿನ ಸೋದರಮಾವ ಬೇರೆ ಯಾರೂ ಅಲ್ಲ, ಅವಳ ಒಬ್ಬನೇ ಮಗ ಸುದರ್ಶನ್. ಅವನು ಕರೆಂಟ್ ಇಲಾಖೆಯಲ್ಲಿ ಲೈನ್‌ಮನ್. ದಿನ ಬೆಳಗಾದರೆ ಕಂಬ ಹತ್ತುವವನು.

ಆ ಗಳಿಗೆ ಕಳೆಯಿತು. “ಫೋಟೋ ತೆಗಿ. ಸ್ಟೇಟಸ್‌ಗೆ ಆಕು,” ಎಂದಳು ಮಗಳಿಗೆ.

“ಅವ್ವಾ, ಬ್ಯಾಡ. ಎಲ್ರೂ ನೋಡ್ತಾರೆ.”

“ನೋಡ್ಲಿ ಅಂತ್ಲೇ ಏಳ್ತಿರಾದು. ನನ್ನ ಬಾಯಿ ಮುಚ್ಸಿ ಮುಚ್ಸಿ ಸಾಕಾಗ್ಲಿಲ್ವಾ? ಇವ್ಳದ್ನೂ ಮುಚ್ಚಬೇಕಾ?”

ತಾನೇ ಫೋನು ಕಿತ್ತುಕೊಂಡು, ನನ್ನ ಕೈಗೆ ಕೊಟ್ಟು ಫೋಟೋ ತೆಗೆಸಿ, ಸ್ಟೇಟಸ್‌ಗೆ ಹಾಕಿಸಿದಳು. ಮಗುವಿನ ಬಾಯಿ ಅಗಲ, ಮೇಲೆ ಎರಡು ಹಲ್ಲು, ಪಕ್ಕದಲ್ಲಿ ಅಜ್ಜಿಯ ಬಾಯಿ, ಅದಕ್ಕಿಂತ ಅಗಲ. ಮಧ್ಯಾಹ್ನದ ಹೊತ್ತಿಗೆ ಹೊಳೆನರಸೀಪುರದಿಂದ ಸಾಕಮ್ಮನ ಫೋನು ಬಂತು.

ಸಾಕಮ್ಮ ಎಂದರೆ ಸುದರ್ಶನ್‌ನ ಅತ್ತೆ. ಕೆಟ್ಟವಳಲ್ಲ, ಹೆದರಿದವಳು. ಸಣ್ಣ ವಯಸ್ಸಿಗೇ ಗಂಡನನ್ನು ಕಳೆದುಕೊಂಡು ಒಬ್ಬಳೇ ಮಗಳು ಅನುಶ್ರೀಯನ್ನು ಬೆಳೆಸಿ ಮದುವೆ ಮಾಡಿದವಳು. ಆ ಮಗಳು ಈಗ ಬಸುರಿ. ಫೋನಿನಲ್ಲಿ ಅವಳು ಬೇಡಿಕೊಂಡಳು: ಎಣ್ಣೆ ಶಾಸ್ತ್ರ ಆಗುವವರೆಗೆ ಅಳಿಯ ಮಗುವಿನ ಮುಖ ನೋಡುವುದು ಬೇಡ. ಅನಸೂಯಮ್ಮ, “ಅವ್ನು ನೆನ್ನೆ ರಾತ್ರಿ ಅವ್ಳನ್ನ ಎಗಲ ಮೇಲೆ ಕೂರುಸ್ಕೊಂಡು ಇಡೀ ಬೀದಿ ಸುತ್ತವ್ನೆ, ಬೀಗ್ರೆ. ಕಣ್ತುಂಬ ನೋಡವ್ನೆ. ನೀವು ಲೇಟು,” ಎಂದು ಫೋನಿಟ್ಟಳು. ನಾನು ನಕ್ಕೆ. ಅವಳು ನಗಲಿಲ್ಲ.

ಆ ವಾರವೇ ಗಾಳಿ ಮಳೆ ಬಂದು ಬಾಗೂರಿನ ಹತ್ತಿರ ಲೈನು ಹರಿಯಿತು. ಸರಿ ಮಾಡಲು ಹೋದ ಸುದರ್ಶನ್‌ನ ಏಣಿ ಜಾರಿತು. ಕೆಸರಿಗೆ ಬಿದ್ದದ್ದರಿಂದ ಜೀವ ಉಳಿಯಿತು, ಎಡಗೈ ಮೂಳೆ ಮುರಿಯಿತು. ಕೈಗೆ ಪ್ಲಾಸ್ಟರ್ ಹಾಕಿಸಿಕೊಂಡು ಮನೆಗೆ ಬಂದಾಗ ಬೀದಿಯ ಜನವೆಲ್ಲ ಬಂದು ಅವನ ಕೈ ನೋಡಲಿಲ್ಲ, ಮಗುವಿನ ಬಾಯಿ ನೋಡಿದರು. ನನಗೆ ಮೈಯೆಲ್ಲ ಉರಿದು ಹೋಯಿತು. ಹಣ್ಣು ತಂದವರು ಹಣ್ಣು ಕೊಟ್ಟು, ದಾರಿಯಲ್ಲಿ ನನ್ನ ಅಂಗಡಿ ಮುಂದೆ ನಿಂತು, “ನೋಡಿದ್ರಾ?” ಎಂದರು. “ಏಣಿ ಜಾರಿತಂತೆ,” ಎಂದೆ. ಅವರಿಗೆ ಏಣಿ ಬೇಕಿರಲಿಲ್ಲ.

ಸಾಕಮ್ಮ ಹೊಳೆನರಸೀಪುರದಿಂದ ಬಂದವಳೇ ಅಂಗಡಿಯ ಮುಂದೆ ನಿಂತು ಅತ್ತಳು. “ಅಕ್ಕಾ, ನಿಮ್ ಕಾಲಿಗೆ ಬೀಳ್ತೀನಿ. ಆ ಎರಡು ಹಲ್ಲ ಕೀಳುಸ್ಬುಡಿ. ಹಾಲುಹಲ್ಲು ತಾನೆ, ಆಮೇಲೆ ಬತ್ತವೆ. ನನ್ ಮಗ್ಳು ಒಟ್ಟೇಲಿ ಒಂದು ಮಡಿಕ್ಕಂಡವ್ಳೆ, ನಂಗಾದಂಗೆ ಅವ್ಳಿಗೂ ಆಗಬಾರ್ದು.”

ಅನಸೂಯಮ್ಮ ಅವಳಿಗೆ ನೀರು ಕೊಟ್ಟು, ಕೂರಿಸಿ, “ನಿಮ್ ಭಯ ನಂಗೆ ಅರ್ತ ಆಯ್ತದೆ ಬೀಗ್ರೆ. ಆದ್ರೆ ಹಲ್ಲು ಕೀಳ್ಸಾಕಿಲ್ಲ,” ಎಂದಳು. ಅಷ್ಟರಲ್ಲಿ ಒಳಗಿನಿಂದ ಮೇಘಶ್ರೀ ಬಂದಳು. ಅವಳ ಕಣ್ಣೂ ಊದಿತ್ತು.

“ಅವ್ವಾ, ಕೀಳುಸ್ಬುಡಾಣ. ನಮ್ಮ ಅರಕಲಗೂಡಲ್ಲೂ ಅದ್ನೇ ಏಳ್ತಾವ್ರೆ. ಆಗ್ಲೇ ಯಾರೋ ಅವ್ಳಿಗೆ ಹೆಸರಿಟ್ಟವ್ರಂತೆ. ನಿನ್ನಂಗೆ ನನ್ ಮಗ್ಳೂ ಜನ್ಮ ಪೂರ್ತಿ ಅದ್ನ ಕೇಳ್ಬೇಕಾ? ನಿಂಗೆ ತಡ್ಕಳಾ ಶಕ್ತಿ ಇತ್ತು. ಎಲ್ರಿಗೂ ಇರಲ್ಲ.”

ಅನಸೂಯಮ್ಮನಿಗೆ ಅಲ್ಲಿಯವರೆಗೆ ಯಾರ ಮಾತೂ ತಾಗಿರಲಿಲ್ಲ, ಮಗಳ ಮಾತು ತಾಗಿತು. ಒಲೆ ಆರಿಸಿದಳು. “ನಡಿ ಆಸ್ನಕ್ಕೆ. ಹಲ್ಲಿನ ಡಾಕ್ಟ್ರು ಕೀಳಬೇಕು ಅಂದ್ರೆ ಕೀಳುಸ್ತೀನಿ,” ಎಂದಳು. ಮರುದಿನ ನಾನೂ ಅಂಗಡಿ ಸಾಮಾನು ತರುವ ನೆಪ ಮಾಡಿಕೊಂಡು ಅವರ ಜೊತೆ ಹಾಸನದ ಬಸ್ಸು ಹತ್ತಿದೆ.

ಡಾಕ್ಟರು ಚಿಕ್ಕ ವಯಸ್ಸಿನ ಹೆಣ್ಣುಮಗಳು. ಮಗುವಿನ ಬಾಯಿಗೆ ಸಣ್ಣ ದೀಪ ಬಿಟ್ಟು ನೋಡಿ, “ಐವತ್ತೊಂದು, ಅರವತ್ತೊಂದು. ಚೆನ್ನಾಗಿ ಬಂದಿವೆ,” ಎಂದಳು. ಏನದು ಎಂದು ಅನಸೂಯಮ್ಮ ಕೇಳಿದಳು. ದಂತವೈದ್ಯರು ಪ್ರತಿ ಹಲ್ಲಿಗೂ ಒಂದೊಂದು ನಂಬರು ಕೊಟ್ಟಿದ್ದಾರಂತೆ. ಮಗುವಿನ ಮೇಲಿನ ನಡುವಿನ ಬಾಚಿಹಲ್ಲು, ಬಲದ್ದು ಐವತ್ತೊಂದು, ಎಡದ್ದು ಅರವತ್ತೊಂದು. ಅವುಗಳ ಕೆಳಗಿನವು ಎಪ್ಪತ್ತೊಂದು, ಎಂಬತ್ತೊಂದು. ಇನ್ನೇನು ಅವೂ ಬರುತ್ತವೆ.

“ಮೊದ್ಲು ಕೆಳಗಿನವೇ ಬರ್ಬೇಕಲ್ವಾ ಡಾಕ್ಟ್ರೆ?” ಎಂದಳು ಮೇಘಶ್ರೀ.

“ಸಾಮಾನ್ಯವಾಗಿ. ಕೆಲವು ಮಕ್ಕಳಿಗೆ ಹಿಂದೆ ಮುಂದೆ ಆಗುತ್ತೆ, ಅದರಿಂದ ಏನೂ ತೊಂದರೆ ಇಲ್ಲಮ್ಮ. ಈ ಹಲ್ಲು, ಮಗು ನಿಮ್ಮ ಹೊಟ್ಟೆಯಲ್ಲಿದ್ದಾಗಲೇ ವಸಡಿನ ಒಳಗೆ ಆಗೋಕೆ ಶುರುವಾಗಿದ್ದು. ಈಗ ಹೊರಗೆ ಬಂದಿವೆ ಅಷ್ಟೆ.” ಮೇಜಿನ ಮೇಲಿದ್ದ ಪ್ಲಾಸ್ಟಿಕ್ ದವಡೆ ತೆಗೆದು, ಹಾಲುಹಲ್ಲಿನ ಬೇರಿನ ಬಳಿ ಕಾಯುತ್ತ ಕೂತಿರುವ ದೊಡ್ಡ ಹಲ್ಲಿನ ಮೊಳಕೆ ತೋರಿಸಿದಳು. ಈಗ ಕಿತ್ತರೆ ಆ ಮೊಳಕೆಗೂ ಪೆಟ್ಟಾಗಬಹುದು, ಮಾತು ಕಲಿಯುವಾಗ ನಾಲಿಗೆಗೆ ಆಸರೆ ಇರುವುದಿಲ್ಲ. “ಆರೋಗ್ಯವಾಗಿರೋ ಹಲ್ಲನ್ನ ನಾನು ಕೀಳೋದಿಲ್ಲ. ಯಾರು ಹೇಳಿದ್ರು ನಿಮಗೆ?”

ಅನಸೂಯಮ್ಮ ತನ್ನ ಬಾಯಿ ತೆರೆದು, “ನನ್ನವಕ್ಕೆ ಏನ್ ನಂಬ್ರು?” ಎಂದಳು.

“ಹನ್ನೊಂದು, ಇಪ್ಪತ್ತೊಂದು.”

“ಈ ನಂಬ್ರುಗಳಿಗೆ ಸೋದರಮಾವ ಯಾರೂ ಇಲ್ವಾ ಡಾಕ್ಟ್ರೆ?”

ಡಾಕ್ಟರಿಗೆ ತಮಾಷೆ ಪೂರ್ತಿ ತಿಳಿಯಲಿಲ್ಲ, ಆದರೂ ನಕ್ಕಳು. ಅನಸೂಯಮ್ಮನೂ ನಕ್ಕಳು. ಇಷ್ಟು ವರ್ಷಕ್ಕೆ ತನ್ನ ಹಲ್ಲಿಗೆ ಯಾರ ಸಾವೂ ಅಂಟದ ಒಂದು ಹೆಸರನ್ನು ಅವಳು ಮೊದಲ ಸಲ ಕೇಳಿದ್ದಳು. ಮೆಟ್ಟಿಲಿಳಿಯುವಾಗ, ಹನ್ನೊಂದು ಇಪ್ಪತ್ತೊಂದು ಎಂದು ತನ್ನಷ್ಟಕ್ಕೆ ಹೇಳಿಕೊಂಡಳು.

ಬಸ್‌ಸ್ಟ್ಯಾಂಡಿನಲ್ಲಿ ಮೇಘಶ್ರೀ ಮತ್ತೆ ಅಳುವಂತಾದಳು. “ಡಾಕ್ಟ್ರು ಏಳಿದ್ರೆ ಜನ ಕೇಳ್ತಾರಾ ಅವ್ವ? ನಿಮ್ ಮಾವ ಸತ್ತೋಗ್ಲಿಲ್ವಾ ಅಂತಾರೆ. ಅದಕ್ಕೇನ್ ಏಳಾನ?”

ಅನಸೂಯಮ್ಮ ಅಲ್ಲೇ ನಿಂತಳು. ಮಗುವನ್ನು ಮಗಳ ಕೈಯಿಂದ ತೆಗೆದುಕೊಂಡಳು. “ನಡಿ, ಅದ್ನ ಕೇಳ್ಕಂಡೇ ಬರಾಣ,” ಎಂದು ಚನ್ನರಾಯಪಟ್ಟಣದ ಬಸ್ಸು ಬಿಟ್ಟು ಕಟ್ಟಾಯದ ಬಸ್ಸು ಹತ್ತಿದಳು.

ಕಟ್ಟಾಯದ ಆ ಮನೆಯಲ್ಲಿ ಈಗ ಉಳಿದಿರುವುದು ದೇವರಾಜುವಿನ ಹೆಂಡತಿ ಚಿಕ್ಕಲಕ್ಷ್ಮಮ್ಮ. ಮದುವೆಯಾದ ವರ್ಷದೊಳಗೇ ಗಂಡ ಹೋದ. ಮಕ್ಕಳಿಲ್ಲ. ಅತ್ತೆ ಮಾವನನ್ನು ಕೊನೆಯವರೆಗೂ ನೋಡಿಕೊಂಡು, ಹೊಲ ಮಾಡಿಸಿಕೊಂಡು ಅಲ್ಲೇ ಬದುಕಿದವಳು. ಕಾಯಿಲೆ ಕಸಾಲೆಗೆ ನೆರೆಯವರು ನೋಡಿಕೊಳ್ಳುತ್ತಾರೆ. ನಾವು ಹೋದಾಗ ಜಗಲಿಯ ಮೇಲೆ ಕೂತು ಹುರುಳಿ ಹಸನು ಮಾಡುತ್ತಿದ್ದಳು. ಬಾಯಲ್ಲಿ ಒಂದು ಹಲ್ಲೂ ಇಲ್ಲ. ಅನಸೂಯಮ್ಮ ಹಿತ್ತಲ ಕಡೆಗೆ ಹೋಗಲಿಲ್ಲ. ಮುಂಬಾಗಿಲಿಗೇ ಹೋಗಿ ನಿಂತಳು.

“ಅತ್ತೆ, ನಾನು ಅನ್ಸೂಯ. ಇವ್ಳು ನನ್ ಮೊಮ್ಮಗ್ಳು. ನೋಡು,” ಎಂದು ಮಗುವಿನ ತುಟಿ ಎತ್ತಿದಳು. “ಮೇಲಿನವೇ ಮೊದ್ಲು. ನನ್ ಮಗ ಬಿದ್ದು ಕೈ ಮುರ್ಕಂಡವ್ನೆ. ನಮ್ಮಾವ ಬಾವಿಗೆ ಬಿದ್ದಾಗ ಜತೇಲಿದ್ದೋಳು ನೀನು. ಎಂಗೆ ಬಿದ್ದ? ನನ್ ಹಲ್ಲು ನೂಕ್ತಾ?”

ಮುದುಕಿ ಮಗುವನ್ನು ನೋಡಿದಳು. ಬೆರಳು ಚಾಚಿ ಆ ಎರಡು ಹಲ್ಲನ್ನು ಮುಟ್ಟಿದಳು. ಮೊರ ಪಕ್ಕಕ್ಕಿಟ್ಟಳು. ಬಾಯಿ ತೆರೆದಳು, ಮುಚ್ಚಿದಳು. ಮತ್ತೆ ಮೊರಕ್ಕೇ ಕೈ ಹಾಕಿದಳು.

“ಬರಾ ಸೋಮವಾರ ಇವ್ಳಿಗೆ ಕಿವಿ ಚುಚ್ಚಸ್ತೀವಿ, ನನ್ ಮಗನ ತೊಡೆ ಮೇಲೆ. ನಿಂಗೆ ಏಳಾದಿದ್ರೆ ಅಲ್ಲಿ ಬಂದು ಏಳು. ಇಲ್ಲಾಂದ್ರೆ ಬ್ಯಾಡ,” ಎಂದು ಅನಸೂಯಮ್ಮ ತಿರುಗಿದಳು. ಮುದುಕಿ ಬರುವುದಿಲ್ಲ ಎಂದೇ ನನಗೆ ಅನ್ನಿಸಿತ್ತು.

ಮಗುವಿನ ಕಿವಿ ಚುಚ್ಚುವುದು ಸೋದರಮಾವನ ತೊಡೆಯ ಮೇಲೆ ಕೂರಿಸಿಕೊಂಡು. ಇದರಲ್ಲಿ ಎರಡು ಮಾತಿಲ್ಲ. ಸೋಮವಾರ ಅಂಗಡಿಯ ಹಿಂದಿನ ಮನೆಯ ನಡುಮನೆಯಲ್ಲಿ ಚಾಪೆ ಹಾಸಿ, ಮಣೆ ಇಟ್ಟಿದ್ದರು. ಆಚಾರ್ರು ಚಿನ್ನದ ತಂತಿ ಸಿದ್ಧ ಮಾಡಿಕೊಂಡು ಕೂತಿದ್ದರು. ಅರಕಲಗೂಡಿನ ಬೀಗರು ಬಂದಿದ್ದರು. ಬೀದಿಯ ಜನವಂತೂ ಕರೆಯದವರೂ ಬಂದಿದ್ದರು. ಸುದರ್ಶನ್ ಕುತ್ತಿಗೆಗೆ ಕಟ್ಟಿದ ಕೈ ಹಿಡಿದುಕೊಂಡು ಮಣೆಯ ಮೇಲೆ ಕೂತು ನೆಲ ನೋಡುತ್ತಿದ್ದ. ಹೆಗಲ ಮೇಲೆ ಮಗುವನ್ನು ಕೂರಿಸಿಕೊಂಡು ಬೀದಿ ಸುತ್ತಿದ ಹುಡುಗ, ಬಿದ್ದಂದಿನಿಂದ ಮಗುವಿನ ಕಡೆ ಕಣ್ಣೆತ್ತಿರಲಿಲ್ಲ. ಅನಸೂಯಮ್ಮನಿಗೆ ಎಲ್ಲಕ್ಕಿಂತ ಸಂಕಟವಾದದ್ದು ಅದೇ.

ಸಾಕಮ್ಮ ಎಣ್ಣೆ ತುಂಬಿದ ಕಂಚಿನ ಬಟ್ಟಲು ಹಿಡಿದುಕೊಂಡು ಮುಂದೆ ಬಂದಳು. “ಮೊದ್ಲು ಇದ್ರಲ್ಲಿ ನೋಡ್ಲಿ. ತೊಡೆ ಮೇಲೆ ಬ್ಯಾರೆ ಯಾರಾದ್ರೂ ಕೂರುಸ್ಕಳ್ಳಿ,” ಎಂದಳು. ಹಿಂದಿನಿಂದ ಯಾರೋ ಹೌದು ಹೌದು ಎಂದರು.

ಅನಸೂಯಮ್ಮ ಮಗುವನ್ನು ಎತ್ತಿಕೊಂಡು ನಡುಮನೆಯ ಮಧ್ಯಕ್ಕೆ ಬಂದಳು. “ಎಲ್ರೂ ಕೇಳಿ. ನನ್ ಮಗ ಕಂಬ ಅತ್ತೋನು. ನಾಳೆ ಅವ್ನಿಗೆ ಏನೂ ಆಗಲ್ಲ ಅಂತ ನಾನ್ ಏಳಲ್ಲ, ನಾನೇನು ದೇವ್ರಾ? ಆದ್ರೆ ಆಗಿದ್ದಕ್ಕೆಲ್ಲ ಈ ಮಗೀನ ಬಾಯಿ ತೋರುಸ್ಬ್ಯಾಡಿ. ಎಣ್ಣೇಲಿ ನೋಡಾದು ಅಂದ್ರೆ ಇವ್ಳು ತಪ್ಪು ಮಾಡವ್ಳೆ ಅಂತ ಒಪ್ಕಂಡಂಗೆ. ನಾನ್ ಒಪ್ಪಲ್ಲ.”

“ನಿಮ್ಮಾವ ಸಾಯ್ಲಿಲ್ವಾ ಅಕ್ಕಾ?” ಎಂದಳು ಸಾಕಮ್ಮ. ಕೆಣಕಲು ಕೇಳಿದ್ದಲ್ಲ. ನಿಜವಾಗಿ ಹೆದರಿ ಕೇಳಿದ್ದು.

“ಸತ್ತ,” ಎಂದಿತು ಬಾಗಿಲ ಕಡೆಯಿಂದ ಒಂದು ದನಿ. “ನನ್ ಗಂಡ. ನಾನ್ ಏಳ್ತೀನಿ.”

ಚಿಕ್ಕಲಕ್ಷ್ಮಮ್ಮ ಹೊಸ್ತಿಲ ಮೇಲೆ ಕೋಲೂರಿ ನಿಂತಿದ್ದಳು. ಹಿಂದೆ ಆಟೋ ನಿಂತಿತ್ತು. ಕಟ್ಟಾಯದಿಂದ ಅಷ್ಟು ದೂರ ಆಟೋದಲ್ಲೇ ಬಂದಿದ್ದಳು. ಒಳಗೆ ಬಾ ಎಂದರೂ ಬರಲಿಲ್ಲ. ನಿಂತೇ ಹೇಳಿದಳು. ಹಲ್ಲಿಲ್ಲದ ಬಾಯಿಯಿಂದ ಮಾತು ತೊದಲಿದರೂ ಒಂದಕ್ಷರವೂ ಯಾರಿಗೂ ತಪ್ಪಲಿಲ್ಲ.

“ನನ್ ಗಂಡಂಗೆ ಮೂರ್ಚೆ ರೋಗ ಇತ್ತು. ಮುಚ್ಚಿಟ್ಟು ನನ್ನ ತಂದಿದ್ರು. ಅವತ್ತು ನೀರು ಸೇದ್ತಿದ್ದಾಗ ಬಾವಿಕಟ್ಟೆ ಮ್ಯಾಲೆ ಬಂತು. ನಾನು ಬಿಂದಿಗೆ ಇಡ್ಕಂಡು ಪಕ್ಕದಲ್ಲೇ ನಿಂತಿದ್ದೆ. ಇಡ್ಕಳಾಕೆ ಓದೆ, ಪಂಚೆ ಸೆರಗು ಮಾತ್ರ ಸಿಕ್ತು.” ಒಂದು ಉಸಿರು ತೆಗೆದುಕೊಂಡಳು. “ಎಲ್ರೂ ನನ್ ಕಾಲ್ಗುಣ ಅಂದ್ರು. ಬಂದ ಸೊಸೆ ಗಂಡನ್ನ ನುಂಗಿದ್ಲು ಅಂದ್ರು. ತವರಿಗೆ ಅಟ್ಟಾಕೆ ಗಾಡಿ ಕಟ್ಟಿದ್ರು. ನಂಗೆ ತವರಲ್ಲಿ ಅಪ್ಪ ಅವ್ವ ಯಾರೂ ಇರ್ಲಿಲ್ಲ. ಆಗ ನುಗ್ಗೇಹಳ್ಳಿ ಮಗೀಗೆ ಮ್ಯಾಲಿನ ಹಲ್ಲು ಮೊದ್ಲು ಬಂದದೆ ಅಂತ ಯಾರೋ ಸುದ್ದಿ ತಂದ್ರು. ಗಾಡಿ ಬಿಚ್ಚಿದ್ರು. ಅವತ್ತಿಂದ ನನ್ನ ಯಾರೂ ಏನೂ ಅನ್ನಲಿಲ್ಲ. ಮೂರ್ಚೆ ವಿಷ್ಯ ನಂಗೂ ನಮ್ಮತ್ತೆಗೂ ಗೊತ್ತಿತ್ತು. ಅವ್ರು ಮಾನಕ್ಕೆ ಎದ್ರಿ ಏಳ್ಲಿಲ್ಲ. ನಾನು ಒಂದು ತುತ್ತು ಅನ್ನಕ್ಕೆ ಎದ್ರಿ ಏಳ್ಲಿಲ್ಲ.”

ಒಬ್ಬ ಹೆಣ್ಣಿಗೆ ಒಂದು ಮೂಲೆ, ಒಂದು ತುತ್ತು ಸಿಗಬೇಕಾದರೆ ತೊಟ್ಟಿಲ ಕೂಸೊಂದು ಪಾಪ ಹೊರಬೇಕಾಗಿತ್ತು! ಇಬ್ಬರಲ್ಲಿ ಯಾರೂ ತಪ್ಪು ಮಾಡಿರಲಿಲ್ಲ, ಗಾಡಿ ಕಟ್ಟಿದವರನ್ನು ಯಾರೂ ಒಂದು ಮಾತು ಕೇಳಿರಲಿಲ್ಲ. ನನಗೆ ಅಳು ಬಂತು, ಅದಕ್ಕಿಂತ ಹೆಚ್ಚು ಸಿಟ್ಟು ಬಂತು.

ಸಾಕಮ್ಮನ ಕೈ ತಾನಾಗಿ ಇಳಿಯಿತು. ತನಗೆ ಗಂಡ ಸತ್ತಾಗ ಯಾರು ಏನಂದಿದ್ದರೋ ಅದು ಅವಳಿಗೆ ನೆನಪಾಗಿರಬೇಕು. ಬಟ್ಟಲನ್ನು ಗೋಡೆ ಬದಿಗೆ ಇಟ್ಟು ಅಲ್ಲೇ ಕುಕ್ಕರಿಸಿದಳು.

ಆಗ ಸುದರ್ಶನ್ ತಲೆ ಎತ್ತಿ ಮಗುವನ್ನು ನೇರವಾಗಿ ನೋಡಿದ. “ಕೊಡವ್ವ ಇಲ್ಲಿ,” ಎಂದು ಒಂದೇ ಕೈ ಚಾಚಿದ. ತೊಡೆಯ ಮೇಲೆ ಕೂರಿಸಿಕೊಂಡು, ಎಲ್ಲರಿಗೂ ಕೇಳುವಂತೆ, “ನಾನು ಬಿದ್ದದ್ದು ಏಣಿ ಕಟ್ಟದೇ ಅತ್ತಿದ್ಕೆ. ಅರ್ಜೆಂಟು ಮಾಡ್ದೆ, ತಪ್ಪು ನಂದು. ಮುಂದೆ ನಂಗೇನಾದ್ರೂ ಆದ್ರೆ ಕರೆಂಟನ್ನ ಕೇಳಿ, ಕಂಬನ ಕೇಳಿ. ಇವ್ಳನ್ನ ಯಾರಾದ್ರೂ ಕೇಳಿದ್ರೆ ನಾನು ಸತ್ತಿದ್ರೂ ಎದ್ದು ಬತ್ತೀನಿ,” ಎಂದ. ಮೇಘಶ್ರೀ ಬಿಕ್ಕಿ ಬಿಕ್ಕಿ ಅತ್ತಳು. ಆಚಾರ್ರು ಕೆಲಸ ಮುಗಿಸಿದರು. ತಂತಿ ಚುಚ್ಚಿದ ನೋವಿಗೆ ಮಾನ್ಯ ಬಾಯಿ ಅಗಲಿಸಿ ಕಿರುಚಿದಳು. ಆ ಎರಡು ಹಲ್ಲು ಬಂದವರಿಗೆಲ್ಲ ಚೆನ್ನಾಗಿ ಕಂಡವು. ಈ ಸಲ ಯಾರೂ ಪಿಸುಗುಡಲಿಲ್ಲ.

ಹಿತ್ತಲಲ್ಲಿ ಎಲೆ ಹಾಕಿದರು. ಚಿಕ್ಕಲಕ್ಷ್ಮಮ್ಮ ಇನ್ನೂ ಹೊಸ್ತಿಲ ಬಳಿಯೇ ನಿಂತಿದ್ದಳು. ಅನಸೂಯಮ್ಮ ಅವಳ ಮುಂದೆ ಹೋಗಿ ನಿಂತಾಗ ಮುದುಕಿ ಕೈ ಮುಗಿದಳು. “ತಪ್ಪಾಯ್ತು ಕಣವ್ವ. ಒಟ್ಟೆಗಾಕ್ಕಂಬುಡು.”

“ಇಲ್ಲ ಅತ್ತೆ. ಒಟ್ಟೆಗಾಕ್ಕಳಲ್ಲ,” ಎಂದಳು ಅನಸೂಯಮ್ಮ. “ನಮ್ಮಜ್ಜಿ ಮಡ್ಲಲ್ಲಿ ನಾನು ಒಂದಿನಾನೂ ಕೂರ್ಲಿಲ್ಲ. ನಮ್ಮವ್ವ ತವರು ಮನೇಲಿ ನೆಮ್ಮದಿಯಾಗಿ ಒಂದು ಹಬ್ಬ ಉಣ್ಲಿಲ್ಲ. ನಾನು ಸಾಯಾಗಂಟ ಅದ್ನ ಒಟ್ಟೆಗಾಕ್ಕಳಲ್ಲ. ಬಾ, ಎಲೆ ಆಕವ್ರೆ. ಉಣ್ಣಾಕೆ ಕೂತ್ಕೊ.”

ಮುದುಕಿ ಸಾಲಿನ ಕೊನೆಗೆ, ಗೋಡೆಯ ಮೂಲೆಗೆ ನಡೆದಳು. ಅನಸೂಯಮ್ಮ ಅವಳ ರಟ್ಟೆ ಹಿಡಿದು ಎಳೆದು ತಂದು ಮೊದಲ ಎಲೆಯ ಮುಂದೆ ಕೂರಿಸಿದಳು. ಪಕ್ಕದ ಎಲೆಗೆ ತಾನು ಕೂತು, ಹಲ್ಲಿಲ್ಲದವಳಿಗೆ ಅನ್ನ ಮೆತ್ತಗಿರುವುದು ನೋಡಿ ಬಡಿಸಬೇಕೆಂದು ತಿಳಿಯುವುದಿಲ್ಲವೇ ಎಂದು ರಾಮಣ್ಣನವರನ್ನು ಗದರಿದಳು.